ಆ ಕರು ಸಿಕ್ಕಿತೇನು?

ಈರಬಸಣ್ಣ ಹಾಡುವುದನ್ನು ನಿಲ್ಲಿಸಿದ್ದು ನನ್ನಿಂದ. ನನ್ನ ಕಾಲು ಮುರಿದದ್ದೂ ನನ್ನಿಂದಲೇ. ಎರಡೂ ಒಂದೇ ಬೆಳಿಗ್ಗೆ ಆದವು.

ಹೊಳೆದಂಡೆಯ ನಮ್ಮ ಮಠದಲ್ಲಿ ಆಗ ಗಡಿಯಾರ ಇರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಈರಬಸಣ್ಣ ಒಂದು ತಂತಿಯ ಏಕತಾರಿ ಹಿಡಿದು ಒಂದು ಪದ ಹಾಡುತ್ತಿದ್ದ. ದಿನಾ ಅದೇ ಪದ. ಕರು ಕಳೆದುಕೊಂಡವನೊಬ್ಬ ಅದನ್ನು ಹುಡುಕಿಕೊಂಡು ಹೋಗುವ ಪದ.

ಮೊದಲ ನುಡಿಗೆ ಅಡಿಗೆಯ ನೀಲವ್ವ ಒಲೆಯ ಮೇಲೆ ಜೋಳದ ನುಚ್ಚು ಇಡುತ್ತಿದ್ದಳು. ಪ್ರತಿ ನುಡಿಗೆ ಒಮ್ಮೆ ತಿರುವುವುದು, ಪದ ಮುಗಿದ ಕೂಡಲೇ ಇಳಿಸುವುದು. ನುಚ್ಚು ಒಂದು ದಿನವೂ ಕೆಟ್ಟಿದ್ದಿಲ್ಲ.

ಮೂರನೆಯ ನುಡಿಯಲ್ಲಿ ಆ ಮನುಷ್ಯ ಗುಡ್ಡದ ಮೇಲೆ ನಿಂತು ಕರುವನ್ನು ಕೂಗುತ್ತಾನೆ. ದನಿ ಮೇಲೆ ಹೋಗಬೇಕು. ಈರಬಸಣ್ಣನ ದನಿ ಅಲ್ಲಿ ಹಳೇ ಅಂಗಿಯಂತೆ ಪರ್ ಅಂತ ಹರಿಯುತ್ತಿತ್ತು.

ಅಣಕಿಸಲು ನನಗೆ ಅಷ್ಟೇ ಸಾಕಿತ್ತು.

ಮಠದಲ್ಲಿ ನಾನು ಅಣಕಿಸದವರು ಯಾರೂ ಇರಲಿಲ್ಲ. ಗುರುಗಳನ್ನು ನಾವೆಲ್ಲ ಅಜ್ಜಾರು ಅನ್ನುತ್ತಿದ್ದೆವು. ಅವರ ಕೆಮ್ಮು ನನಗೆ ಬರುತ್ತಿತ್ತು, ನೀಲವ್ವನ ಕುಂಟು ನಡಿಗೆ ಬರುತ್ತಿತ್ತು. ಆ ದಿನ ನುಗ್ಗೆ ಮರ ಹತ್ತಿ ಕೂತು, ಈರಬಸಣ್ಣ ಮೂರನೆಯ ನುಡಿ ಎತ್ತುವ ಮೊದಲೇ ಆ ಹರಿದ ಕೂಗು ಹಾಕಿದೆ. ಪರವೂರಿನಿಂದ ಬಂದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈರಬಸಣ್ಣ ಪದವನ್ನು ಅಲ್ಲಿಗೇ ಬಿಟ್ಟ.

ಜನ ನಕ್ಕರೆ ನನಗೆ ನಿಲ್ಲಿಸಲು ಬರುವುದಿಲ್ಲ. ಇನ್ನೊಮ್ಮೆ ಕೂಗೋಣ ಅಂತ ಟೊಂಗೆಯ ಮೇಲೆ ಎದ್ದು ನಿಂತೆ. ನುಗ್ಗೆ ಟೊಂಗೆಯ ಮೇಲೆ ಬುದ್ಧಿ ಇದ್ದವರು ಯಾರೂ ನಿಲ್ಲುವುದಿಲ್ಲ.

ಬಿದ್ದವನನ್ನು ಎತ್ತಿ ಒಳಗೆ ತಂದವನು ಈರಬಸಣ್ಣನೇ.

ಎಲುಬು ಕೂಡಿಸುವ ಹುಸೇನಪ್ಪ ಬಂದು, ಬಿದಿರಿನ ಪಟ್ಟಿ ಇಟ್ಟು ಕಾಲಿಗೆ ಕಟ್ಟು ಹಾಕಿದ.

"ಒಂದು ತಿಂಗಳು ಮಿಸುಕಬಾರದು. ಮಿಸುಕಿದರ ಕಾಲು ಸೊಟ್ಟ ಕೂಡ್ತದ."

"ಕಾಲು ಇರಲಿ," ಅಂದಳು ನೀಲವ್ವ. "ಇವನ ಬಾಯಿಗೂ ಒಂದು ಕಟ್ಟು ಹಾಕಿ ಹೋಗಪ್ಪ."

ಮರುದಿನ ಪದ ಇರಲಿಲ್ಲ. ನುಚ್ಚು ಸೀದು ಹೋಯಿತು. ಅದರ ಮರುದಿನ ಹೆದರಿ ಬೇಗ ಇಳಿಸಿದಳು, ಹಸಿ ಉಳಿಯಿತು. ಯಾರೋ ಭಕ್ತರು ಒಂದು ಗಡಿಯಾರ ತಂದು ಗೋಡೆಗೆ ಹಾಕಿದರು.

"ಇದು ಬರೇ ಟಿಕ್ ಟಿಕ್ ಅಂತದ," ಅಂದಳು ನೀಲವ್ವ. "ಯಾವಾಗ ತಿರುವಬೇಕು ಅಂತ ಹೇಳಂಗಿಲ್ಲ."

ಅಜ್ಜಾರು ಸೀದ ನುಚ್ಚನ್ನು ಪೂರ್ತಿ ತಿಂದರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ನಾಲ್ಕನೆಯ ದಿನ ನನ್ನ ಚಾಪೆಯ ಪಕ್ಕ ಬಂದು ಕೂತರು.

"ಹೊತ್ತು ಹೆಂಗ ಹೋಗ್ತದೋ ಭರಮ್ಯಾ?"

"ಹೋಗವಲ್ದ್ರಿ ಅಜ್ಜಾರ."

"ಹಂಗಾದ್ರ ನಿನಗ ಏನೇನು ಬರ್ತದ, ತೋರಿಸು."

ಮಲಗಿದಲ್ಲೇ ಎಲ್ಲ ತೋರಿಸಿದೆ. ಎತ್ತು, ಬಸ್ಸಿನ ಕಂಡಕ್ಟರ್, ಎರಡು ಬೆರಳಲ್ಲಿ ನೀಲವ್ವನ ನಡಿಗೆ. ತಮ್ಮ ಕೆಮ್ಮಿಗೆ ಅಜ್ಜಾರು ನಕ್ಕರು. ನಕ್ಕು ನಿಜವಾಗಿಯೂ ಕೆಮ್ಮಿದರು.

"ಛಲೋ ಮಾಡ್ತಿ. ಈರಬಸುನ ಪದ ಬರ್ತದೇನು?"

ಆ ಹರಿದ ಕೂಗು ಹಾಕಿದೆ.

"ಮುಂದ?"

"ಅಷ್ಟ ರೀ."

"ಆ ಕರು ಸಿಕ್ಕಿತೇನು?"

"ಯಾವ ಕರು ರೀ?"

"ಪದದಾಗಿನ ಕರು."

ಎರಡು ವರ್ಷ ದಿನಾ ಕೇಳಿದ ಪದ. ಆದರೆ ಆ ಕೂಗು ಬಂದ ಕೂಡಲೇ ನಾನು ನಗುತ್ತಿದ್ದೆ, ಪಕ್ಕದವನನ್ನು ತಿವಿಯುತ್ತಿದ್ದೆ. ಅದರಾಚೆಗೆ ಏನಿತ್ತು?

"ಗೊತ್ತಿಲ್ರಿ."

"ನುಡಿ ಎಷ್ಟು?"

"ಮೂರು?"

"ಐದು," ಅಂದು ಅಜ್ಜಾರು ಎದ್ದರು.

"ಅಜ್ಜಾರ, ಸಿಕ್ತೋ ಇಲ್ಲೋ, ಅಷ್ಟು ಹೇಳಿ ಹೋಗ್ರಿ."

"ಹಾಡಾವನ್ನ ಕೇಳು."

ಹಾಡುವವನು ನನ್ನೊಡನೆ ಮಾತು ಬಿಟ್ಟಿದ್ದ.

ಮಲಗಿದವನಿಗೆ ಸೂರು ನೋಡುವುದೇ ಕೆಲಸ. ನೋಡುತ್ತ ಯಾರ್ಯಾರ ಬಗ್ಗೆ ನನಗೆ ಏನು ಗೊತ್ತು ಅಂತ ನೆನಪು ಮಾಡಿಕೊಂಡೆ. ಅಜ್ಜಾರದು ಒಂದು ಕೆಮ್ಮು. ಕೆಮ್ಮಿನ ಹಿಂದೆ ಮುಂದೆ ಅವರು ಹೇಳಿದ ಮಾತು ಒಂದೂ ಇಲ್ಲ. ನೀಲವ್ವನದು ಒಂದು ಕುಂಟು. ಎಲ್ಲರಿಂದಲೂ ಒಂದೊಂದು ಚೂರು ಕಿತ್ತು ಇಟ್ಟುಕೊಂಡಿದ್ದೆ. ಉಳಿದ ಮನುಷ್ಯ ಎಲ್ಲಿ ಹೋದ, ನಾನು ನೋಡಿರಲೇ ಇಲ್ಲ.

ನೀಲವ್ವ ನೀರು ತಂದಾಗ ಕೇಳಿದೆ. "ನೀಲವ್ವಾ, ನಿನ್ನ ಕಾಲಿಗೆ ಏನಾಗಿತ್ತು?"

ಅವಳು ತಂಬಿಗೆ ಹಿಡಿದು ನಿಂತಳು. ಮುಂದೆ ಬರುವ ಕುಚೇಷ್ಟೆಗೆ ಕಾಯುತ್ತಿದ್ದಳು. ಬರಲಿಲ್ಲ.

"ಬಾವಿ ಮೆಟ್ಟಿಲದಾಗ ಜಾರಿದ್ದೆ. ನಿನ್ನಷ್ಟ ವಯಸ್ಸು. ಕಟ್ಟು ಹಾಕಾವ್ರು ಯಾರೂ ಸಿಗಲಿಲ್ಲ," ಅಂದು ಹೊರಟಳು. ಬಾಗಿಲಿನಿಂದ ತಿರುಗಿ ಬಂದು ಕೂತು, ಉಳಿದ ಅರ್ಧವನ್ನೂ ಹೇಳಿದಳು. ಒಲೆಯ ಮೇಲಿನ ನುಚ್ಚು ಅವತ್ತೂ ಸೀದಿತು.

ಈರಬಸಣ್ಣ ದಿನಾ ಬೆಳಿಗ್ಗೆ ನನ್ನನ್ನು ಎತ್ತಿಕೊಂಡು ಹೋಗಿ ಹೊಳೆಯ ಕಲ್ಲಿನ ಮೇಲೆ ಕೂರಿಸಿ, ಮುಖ ತೊಳೆಸಿ ವಾಪಸ್ ತರುತ್ತಿದ್ದ. ಒಂದು ಮಾತಿಲ್ಲ. ಒಂದು ದಿನ ಗಟ್ಟಿ ಮನಸ್ಸು ಮಾಡಿ, "ಈರಬಸಣ್ಣಾ, ನಂದು ತಪ್ಪಾತು" ಅಂದೆ.

ಅದು ಅಜ್ಜಾರ ದನಿಯಲ್ಲಿ ಬಂತು. ಕೆಮ್ಮಿನ ಸಮೇತ. ನಾನು ಬೇಕಂತ ಮಾಡಲಿಲ್ಲ, ನನ್ನ ಬಾಯಿಗೆ ಅದೇ ಚಾಳಿ.

ಈರಬಸಣ್ಣ ನನ್ನನ್ನು ಕಲ್ಲಿನ ಮೇಲೇ ಬಿಟ್ಟು ಹೋದ. ಬಿಸಿಲೇರಿದ ಮೇಲೆ ಅಜ್ಜಾರು ಬಂದರು.

"ತಪ್ಪಾತು ಅನ್ನೂದು ಸೈತ ನನ್ನ ಬಾಯಾಗ ಆಟ ಆಗ್ತದ್ರಿ," ಅಂದೆ. "ನಾ ಏನ್ ಮಾಡ್ಲಿ?"

ಅಜ್ಜಾರು ಇಬ್ಬರನ್ನು ಕರೆದು ನನ್ನನ್ನು ಚಾಪೆಗೆ ಎತ್ತಿ ತರಿಸಿದರು. ಒಳಗೆ ಹೋಗಿ ಈರಬಸಣ್ಣನ ಏಕತಾರಿ ತಂದು ನನ್ನ ತೊಡೆಯ ಮೇಲೆ ಇಟ್ಟರು.

"ಮೀಟು."

"ನನಗ ಹಾಡಾಕ ಬರೂದಿಲ್ರಿ."

"ಹಾಡು ಅಂದೆನೇನು?"

ಮೊದಲ ದಿನ ಅದರಲ್ಲಿ ಕಪ್ಪೆ ಕೂಗಿಸಿದೆ. ಎರಡನೆಯ ದಿನ ಬಸ್ಸಿನ ಹಾರ್ನ್ ಮಾಡಿದೆ. ಅಜ್ಜಾರು ಬಾಗಿಲಲ್ಲಿ ಮುಖ ತೋರಿಸಿ, "ಒಂದ ದನಿ" ಅಂದು ಹೋದರು. ಮೂರನೆಯ ದಿನ ಮತ್ತೆ ಕಪ್ಪೆ. ಮತ್ತೆ, "ಒಂದ ದನಿ."

ಒಂದೇ ದನಿ ಮೀಟುವುದು ಕಾಲು ಮುರಿದದ್ದಕ್ಕಿಂತ ಕಷ್ಟ. ಬೆರಳು ಏನಾದರೂ ಮಾಡಬೇಕು ಅಂತ ಒದ್ದಾಡುತ್ತದೆ. ಎಲ್ಲರೂ ತಿರುಗಿ ನೋಡುವಂಥದ್ದು ಏನಾದರೂ. ಬೆರಳಿಗೆ ಬೊಕ್ಕೆ ಎದ್ದಿತು, ಒಡೆಯಿತು, ಅಲ್ಲಿ ಚರ್ಮ ದಪ್ಪವಾಯಿತು. ಆಮೇಲೆ ಯಾವಾಗಲೋ ಕಪ್ಪೆ ತಾನಾಗಿ ಎದ್ದು ಹೋಯಿತು.

ಕಟ್ಟು ಬಿಚ್ಚಲು ಇನ್ನು ಎರಡು ದಿನ ಇತ್ತು. ಬೆಳಕು ಹರಿಯುವಾಗ ಮೀಟುತ್ತಿದ್ದೆ. ಈರಬಸಣ್ಣ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ತಂತಿ ಸಡಲ ಆಗೇದ," ಅಂದ. ಕೊಡ ಇಳಿಸಿ ಬಂದು ಬಿಗಿ ಮಾಡಿದ. ತಿಂಗಳಲ್ಲಿ ಅದೇ ಮೊದಲ ಮಾತು.

"ಈರಬಸಣ್ಣಾ," ಅಂದೆ. ಬಂದದ್ದು ಒಂದು ಸಣ್ಣ, ಒರಟು ದನಿ. ಯಾರದೆಂದು ಗುರುತು ಹತ್ತಲಿಲ್ಲ. ನನ್ನದೇ ಇರಬೇಕು. "ಆ ಕರು ಸಿಕ್ಕಿತೇನು?"

ಅವನು ನನ್ನ ಮುಖದಲ್ಲಿ ನಗು ಹುಡುಕಿದ. ಬಹಳ ಹೊತ್ತು ಹುಡುಕಿದ.

"ನಿನಗ ಯಾಕ ಬೇಕು?"

"ಮೂರು ವಾರ ಆತು, ಅದರದ ಚಿಂತಿ. ಯಾರೂ ಹೇಳವಲ್ರು."

ಈರಬಸಣ್ಣ ನೆಲದ ಮೇಲೆ ಕೂತ.

"ಮೀಟು," ಅಂದ.

ಅವನು ಮೊದಲ ನುಡಿ ಎತ್ತಿದ. ಅಡಿಗೆಮನೆಯಲ್ಲಿ ಏನೋ ಬಿದ್ದ ಸಪ್ಪಳ, ಆಮೇಲೆ ನೀಲವ್ವ ಓಡಾಡುವ ಸಪ್ಪಳ. ಎರಡನೆಯ ನುಡಿ. ಮೂರನೆಯದು. ದನಿ ಮೇಲೆ ಹೋಯಿತು, ಹರಿಯಿತು.

ಈರಬಸಣ್ಣ ನಿಲ್ಲಿಸಿ ನನ್ನನ್ನು ನೋಡಿದ.

ನನ್ನ ತುಟಿ ತುರಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೆರಳು ಮಾತ್ರ ತನ್ನ ಪಾಡಿಗೆ ಮೀಟುತ್ತಿತ್ತು. ಒಂದೇ ದನಿ.

ಅವನು ಕಣ್ಣು ಮುಚ್ಚಿ ಮುಂದಕ್ಕೆ ಹಾಡಿದ.

ನಾಲ್ಕನೆಯ ನುಡಿಯಲ್ಲಿ, ಕೂಗಿ ಕೂಗಿ ಆ ಮನುಷ್ಯನ ದನಿ ಬಿದ್ದು ಹೋಗುತ್ತದೆ. ಕೂಗಲಾರದೆ ಸುಮ್ಮನೆ ನಿಲ್ಲುತ್ತಾನೆ. ಆಗ ಬೆನ್ನ ಹಿಂದೆ ಗಂಟೆ ಕೇಳುತ್ತದೆ. ಕರು ಬೆಳಗಿನಿಂದ ಅವನ ಹಿಂದೆಯೇ ಬರುತ್ತಿತ್ತು. ಐದನೆಯದರಲ್ಲಿ ಇಬ್ಬರೂ ಮನೆಗೆ ಹೋಗುತ್ತಾರೆ.

ಪದ ಮುಗಿಯಿತು. ನೀಲವ್ವ ನುಚ್ಚು ಇಳಿಸಿ, ಮಜ್ಜಿಗೆ ಹಾಕಿ, ಎಲ್ಲರಿಗೂ ನನ್ನ ಚಾಪೆಯ ಹತ್ತಿರವೇ ತಂದು ಬಡಿಸಿದಳು. ಅಜ್ಜಾರು ಬಂದು ಕೂತರು.

"ಅಜ್ಜಾರ, ಇನ್ನ ಮ್ಯಾಲೆ ಯಾರದೂ ಅಣಕ ಮಾಡೂದಿಲ್ರಿ," ಅಂದೆ.

ಈರಬಸಣ್ಣ ಕೈ ಚಾಚಿ ನನ್ನ ತೊಡೆಯ ಮೇಲಿನ ಏಕತಾರಿ ತೆಗೆದುಕೊಂಡ. ಹೆಗಲಿಗೆ ಆನಿಸಿಕೊಂಡು, ತಾನೇ ಮೀಟತೊಡಗಿದ.

ಅಜ್ಜಾರು ನುಚ್ಚಿನ ಗಂಗಾಳ ಕೆಳಗಿಟ್ಟರು.

"ಭರಮ್ಯಾ, ಈಗ ಅವನಂಗ ಹಾಡು, ಐದೂ ನುಡಿ. ನೋಡೂಣು."