ನೀರುಗಂಟಿಯ ಗದ್ದೆ

"ಬುದ್ಧಿ, ಜನಕ್ಕೆ ಎಷ್ಟು ಒಳ್ಳೆಯದು ಮಾಡಿದರೂ ಯಾಕೆ ಬೈಯುತ್ತಾರೆ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಮರುಳಯ್ಯ. ಮಠದ ಅನ್ನ ಉಂಡು, ಮಠದಲ್ಲೇ ಓದಿ ದೊಡ್ಡವನಾದವನು. ಈಗ ರಾಜಧಾನಿಯಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಪಂಡಿತ. ನೀರು, ಕರೆಂಟು, ಬಸ್ಸು ಯಾರಿಗೆ ಹೇಗೆ ತಲುಪಬೇಕು, ಅದರಿಂದ ಜನ ಎಷ್ಟು ಸುಖವಾಗಿದ್ದಾರೆ ಎಂದು ಅಧ್ಯಯನ ಮಾಡುವುದು ಅವನ ಕೆಲಸ.

"ನಾನೇ ನಿಂತು ಅಳೆಸಿದ್ದೇನೆ ಬುದ್ಧಿ. ಹೋದ ವರ್ಷಕ್ಕಿಂತ ಹೆಚ್ಚು ನೀರು ಬಿಟ್ಟಿದ್ದೇವೆ. ಸರಾಸರಿ ನೋಡಿದರೆ ಜನ ಮೊದಲಿಗಿಂತ ಸುಖವಾಗಿದ್ದಾರೆ. ಆದರೂ ಮೊನ್ನೆ ಒಂದು ಕೇರಿಯ ಹೆಂಗಸರು ಕಚೇರಿಯ ಬಾಗಿಲಿಗೇ ಬಂದು ಮಣ್ಣು ತೂರಿ ಹೋದರು. ಕೊಟ್ಟಷ್ಟೂ ಸಾಲದು ಈ ಜನಕ್ಕೆ."

ಗುರುಗಳಿಗೆ ಸಿಟ್ಟು ಬಂದಿತು. ಸಿಟ್ಟು ಬಂದಾಗ ಅವರ ದನಿ ಇಳಿಯುತ್ತಿತ್ತು. ಮರುಳಯ್ಯನಿಗೆ ಅದು ಚಿಕ್ಕಂದಿನಿಂದಲೂ ಗೊತ್ತು. ಅವನು ಸರಿಯಾಗಿ ಕೂತುಕೊಂಡ.

"ಕೇಳಯ್ಯ, ದೊಡ್ಡ ಮನುಷ್ಯ," ಎಂದರು ಗುರುಗಳು.

ಒಂದು ಊರಿನಲ್ಲಿ ಒಂದು ಕೆರೆ. ಕೆರೆಯ ತೂಬಿನಿಂದ ಒಂದು ಕಾಲುವೆ. ಆ ಕಾಲುವೆಯ ನೀರನ್ನು ಗದ್ದೆಗದ್ದೆಗೆ ಹಂಚಲು ಒಬ್ಬ ನೀರುಗಂಟಿ. ಅವನ ಸಂಬಳಕ್ಕೆ ಊರು ಒಂದು ಗದ್ದೆ ಬಿಟ್ಟುಕೊಟ್ಟಿತ್ತು. ಎಲ್ಲಿ ಬಿಟ್ಟಿತ್ತು? ಕಾಲುವೆಯ ಕಟ್ಟಕಡೆಯಲ್ಲಿ. ಎಲ್ಲರ ಗದ್ದೆ ಕುಡಿದು ಮಿಕ್ಕ ನೀರು ಅವನದು. ಹಿಂದಿನವರು ಹಾಗೆ ಇಟ್ಟಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಅವನು ದೇವರಂಥ ಮನುಷ್ಯನೇನಲ್ಲ. ಅವನ ಹೊಟ್ಟೆ ಅವನನ್ನು ನಡೆಸುತ್ತಿತ್ತು, ಅಷ್ಟೆ. ತೂಬು ಎತ್ತಿದವನೇ ಗುದ್ದಲಿ ಹೆಗಲಿಗೇರಿಸಿ ಕಾಲುವೆಯ ಉದ್ದಕ್ಕೂ ಹೋಗುತ್ತಿದ್ದ. ಹೂಳು ತೆಗೆಯುತ್ತಿದ್ದ. ತನ್ನ ಗದ್ದೆಗೆ ನೀರು ತಿರುಗುವ ಮಡೆಯನ್ನು ಕದ್ದು ಅಗಲ ಮಾಡಿಕೊಂಡವನ ಜನ್ಮ ಜಾಲಾಡುತ್ತಿದ್ದ. ಗೌಡನಾದರೂ ಬಿಡುತ್ತಿರಲಿಲ್ಲ. ಅವನ ಗದ್ದೆಯ ಪಕ್ಕದಲ್ಲೇ ಗಂಡ ಸತ್ತ ಒಬ್ಬ ಹೆಂಗಸಿನ ಗದ್ದೆ. ಅವಳಿಗಿದ್ದದ್ದು ಅದೊಂದೇ. ಇವನ ಗದ್ದೆಗೆ ನೀರು ಬರಬೇಕಾದರೆ ಅವಳದನ್ನು ದಾಟಿಯೇ ಬರಬೇಕು. ಹಾಗಾಗಿ ಅವಳ ಅನ್ನಕ್ಕೆ ಮೋಸವಿರಲಿಲ್ಲ.

ಅಲ್ಲಿಗೆ ಅರಮನೆಯಿಂದ ಒಬ್ಬ ಪಂಡಿತ ಬಂದ. ಪ್ರಜೆಗಳ ಸುಖ ವಿಚಾರಿಸಲು ಬಂದವನು. ನೀರುಗಂಟಿಯ ಬಡಕಲು ಪೈರು ನೋಡಿ ಅವನ ಕರುಳು ಚುರುಕ್ಕೆಂದಿತು. ಊರಿಗೆಲ್ಲ ನೀರು ಕೊಡುವವನಿಗೆ ಊರಿನ ಎಂಜಲೇ? ಇದ್ಯಾವ ನ್ಯಾಯ? ತೂಬಿನ ಕೆಳಗಿನ ಒಳ್ಳೆಯ ಗದ್ದೆಯನ್ನು ಅವನಿಗೆ ಕೊಡಿಸಿದ. ಊರಿನವರು ಭೇಷ್ ಅಂದರು. ನೀರುಗಂಟಿ ಅಡ್ಡಬಿದ್ದ.

ಮುಂದಿನ ಬೆಳೆಗೆ ನೀರುಗಂಟಿ ತೂಬು ಎತ್ತಿದ. ಹೊತ್ತು ಏರುವ ಮೊದಲೇ ಅವನ ಗದ್ದೆ ತುಂಬಿತು. ಆಮೇಲೆ ಅಷ್ಟು ದೂರ ಯಾಕೆ ನಡೆಯಬೇಕು? ಕಾಲು ಏಳಲಿಲ್ಲ. ಮನೆಗೆ ಹೋಗಿ ಉಂಡು ಮಲಗಿದ. ಮೇಲಿನ ಗದ್ದೆಯವರು ನೋಡಿದರು. ಒಬ್ಬೊಬ್ಬರಾಗಿ ಮಡೆ ಅಗಲ ಮಾಡಿಕೊಂಡರು. ಕಡೆಯಲ್ಲಿದ್ದ ಆ ಹೆಂಗಸಿನ ಗದ್ದೆಗೆ ಬಂದದ್ದು ಬರೀ ಕಾಲುವೆ, ನೀರಲ್ಲ.

ಪೈರು ಹೊಡೆಯಾಗಿತ್ತು. ಇನ್ನೇನು ತೆನೆ ಹೊರಡಬೇಕು, ಆಗ ನೀರಿಲ್ಲ. ಹೆಂಗಸು ನೀರುಗಂಟಿಯ ಹತ್ತಿರ ಹೋದಳು. "ತೂಬು ಎತ್ತಿದ್ದೀನಲ್ಲಮ್ಮ," ಅಂದ ಅವನು. ಪಂಡಿತನ ಹತ್ತಿರ ಓಡಿದಳು.

ಪಂಡಿತ ತೂಬಿನ ಹತ್ತಿರ ನಿಂತು ನೀರು ಅಳೆದ. "ಹೋದ ಸಲಕ್ಕಿಂತ ಹೆಚ್ಚೇ ಬಿಟ್ಟಿದೆ ತಾಯಿ. ಊರಿನ ಒಟ್ಟು ಭತ್ತವೂ ಹೆಚ್ಚುತ್ತದೆ. ಊರು ಚೆನ್ನಾಗಿದೆ," ಎಂದ.

"ಊರು ಚೆನ್ನಾಗಿರಬಹುದು ಸ್ವಾಮಿ," ಎಂದಳು ಅವಳು. "ನಾನು ಯಾವ ಊರಿನವಳು?"

ಪಂಡಿತ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಳಗೆ ಕೆಸರು, ಅಲ್ಲಿಯವರೆಗೆ ಹೋಗಿ ನೋಡಲೂ ಇಲ್ಲ. ಆ ಹೆಂಗಸು ನೆಟ್ಟು ಕಳೆ ಕಿತ್ತ ಪೈರಿಗೆ ತನ್ನ ಎಮ್ಮೆಯನ್ನು ತಾನೇ ಬಿಟ್ಟಳು. ನಿಂತು ಮೇಯಿಸಿದಳು. ಮೇಯಿಸುತ್ತ ಅಳಲೂ ಇಲ್ಲ. ಮುಂದಿನ ಬೆಳೆಗೆ ಹೊಟ್ಟೆಪಾಡಿಗೆ ಎಲ್ಲಿ ನಾಟಿ ಹಾಕಲು ಹೋದಳು ಗೊತ್ತೆ? ತೂಬಿನ ಕೆಳಗೆ, ನೀರುಗಂಟಿಯ ಗದ್ದೆಗೆ, ಕೂಲಿಗೆ. ಪಂಡಿತ ಮತ್ತೆ ಬಂದ. ಬಗ್ಗಿ ನಾಟಿ ಹಾಕುತ್ತಿದ್ದವಳನ್ನು ದೂರದಿಂದ ನೋಡಿ ಸಂತೋಷಪಟ್ಟ. ಈ ಊರಿನಲ್ಲಿ ಹೆಂಗಸರಿಗೂ ಕೆಲಸ ಸಿಕ್ಕಿದೆ ಎಂದು ಅರಮನೆಗೆ ಹೇಳಿದ. ಅರಮನೆ ಅವನಿಗೆ ಶಾಲು ಹೊದಿಸಿತು. ಥೂ!

ಗುರುಗಳು ಕಥೆ ಮುಗಿಸಿದರು. ಮರುಳಯ್ಯನಿಗೆ ಎದೆಯಲ್ಲಿ ಏನೋ ಚುಚ್ಚಿತು. ಅದನ್ನು ಮುಚ್ಚಿಕೊಳ್ಳಲು ಅವನು ಪಂಡಿತನ ಪರ ವಹಿಸಿದ.

"ಅವನು ಕೆಟ್ಟವನಲ್ಲ ಬುದ್ಧಿ. ಕರುಣೆಯಿಂದಲೇ ಮಾಡಿದ. ಕಡೆಯ ಗದ್ದೆ ಒಣಗಿದ್ದು ಅವನಿಗೆ ಗೊತ್ತಾಗುವುದಾದರೂ ಹೇಗೆ?"

ಗುರುಗಳು ಅವನನ್ನೇ ದಿಟ್ಟಿಸಿ ನೋಡಿದರು.

"ನಿನ್ನ ಮನೆಯ ನಲ್ಲಿಯಲ್ಲಿ ಕಡೆಯ ಸಲ ನೀರು ನಿಂತದ್ದು ಯಾವಾಗ, ಮರುಳಯ್ಯ?"