ಹುಂಜ ಕಲಿತ ಇಂಗ್ಲಿಷ್

ಇಂಗ್ಲಿಷ್ ಮೇಷ್ಟರ ಜಗಲಿಯ ಗಿಳಿಯ ಬಳಿಗೆ ಪಕ್ಕದ ಮನೆ ಚಿಕ್ಕತಾಯಮ್ಮನ ಹುಂಜ ಬಂದು ನಿಂತಿತು.

"ಗುರುಗಳೇ, ನಾನೇ ಎಲ್ಲರಿಗಿಂತ ದೊಡ್ಡವನು ಅಂತ ಇಂಗ್ಲಿಷಿನಲ್ಲಿ ಕೂಗಬೇಕು. ಕಲಿಸಿಕೊಡಿ."

"ಮೊದಲು 'ಬಿಗ್ಗೆಸ್ಟ್' ಅನ್ನು. ಆಮೇಲೆ ಈ ಕೋಳಿಗಳ ಪೈಕಿ ಅನ್ನುವುದಾದರೆ 'ಆಫ್' ಹಾಕು, ಊರಿನಲ್ಲಿ ಅನ್ನುವುದಾದರೆ 'ಇನ್' ಹಾಕು," ಎಂದಿತು ಗಿಳಿ.

ಹುಂಜಕ್ಕೆ ಮೈಯೆಲ್ಲ ಉರಿಯಿತು. "ತಿಪ್ಪೆ ಕೆದಕುವ ಈ ಕೋಳಿಗಳ ಪೈಕಿ ನಾನೂ ಒಬ್ಬನೆ? ಸಾಧ್ಯವೇ ಇಲ್ಲ! 'ಇನ್' ಹಾಕಿ. ಇಡೀ ಊರನ್ನೇ ಹಾಕಿ!"

ಮೂರು ದಿನ ಗಂಟಲು ಹರಿಯುವಂತೆ ಅದನ್ನೇ ಕೂಗಿತು. ನಾಲ್ಕನೆಯ ದಿನ ಚಿಕ್ಕತಾಯಮ್ಮನ ಮನೆಗೆ ಹೊಸ ಅಳಿಯ ಬಂದ. ಆಕೆ ಕತ್ತಿ ಹಿಡಿದು ಹಿತ್ತಲಿಗೆ ಬಂದಳು. "ಅಳಿಯಂದ್ರು ಬಂದವ್ರೆ, ಇರೋದ್ರಲ್ಲಿ ದೊಡ್ಡದು ಯಾವುದು?"

ಹುಂಜ ಕೋಳಿಗಳ ನಡುವೆ ನುಗ್ಗಿ, ತಲೆ ತಗ್ಗಿಸಿ, ತಿಪ್ಪೆ ಕೆದಕತೊಡಗಿತು. "ಗುರುಗಳೇ, ಬೇಗ 'ಆಫ್' ಹಾಕಿ! ನಾನೂ ಇವರ ಪೈಕಿ ಒಬ್ಬ!"

"ಹಾಕೋಣ," ಎಂದಿತು ಗಿಳಿ. "ಆದರೆ ಯಾವುದನ್ನು ಹಾಕಿದರೂ 'ಬಿಗ್ಗೆಸ್ಟ್' ಹಾಗೇ ಉಳಿಯುತ್ತದಲ್ಲಪ್ಪ."

"ಹಾಗಾದರೆ ಮೊದಲು ಅದನ್ನು ಅಳಿಸಿ!" ಎಂದು ಹೇಟೆ ಕೋಳಿಯ ದನಿಯಲ್ಲಿ ಅಂಗಲಾಚಿತು ಹುಂಜ.