ಬಿಟ್ಟ ಷರತ್ತು

ಗಣಿತ ವಿಭಾಗದಲ್ಲಿ ದೊಡ್ಡಯ್ಯ ಮೇಷ್ಟ್ರ ಬಳಿ ಇಬ್ಬರು ಸಂಶೋಧನೆ ಮಾಡುತ್ತಿದ್ದರು. ಧರಣೇಂದ್ರ ಬಂದು ಮೂರು ವರ್ಷವಾಗಿತ್ತು. ಗದಗಿನ ಕಡೆಯ ಫಕೀರೇಶ ಬಂದು ಒಂದು ವರ್ಷ.

ಧರಣೇಂದ್ರನ ಬಳಿ ಒಂದು ಪ್ರಮೇಯವಿತ್ತು. ಚುಕ್ಕೆಗಳನ್ನು ಗೆರೆಗಳಿಂದ ಸೇರಿಸಿದರೆ ಜಾಲವಾಗುತ್ತದೆ. ಗೆರೆಯ ಎರಡು ತುದಿಗೂ ಒಂದೇ ಬಣ್ಣ ಬರದಂತೆ ಚುಕ್ಕೆಗಳಿಗೆ ಬಣ್ಣ ಕೊಡಬೇಕು. ತಾನು ಆರಿಸಿಕೊಂಡ ಬಗೆಯ ಜಾಲಕ್ಕೆ ಏಳು ಬಣ್ಣ ಸಾಕು ಎಂದು ಅವನು ಸಾಧಿಸಿದ್ದ. ಷರತ್ತು ಒಂದೇ: ಜಾಲದಲ್ಲಿ ಎಲ್ಲೂ ತ್ರಿಕೋನ ಇರಬಾರದು.

ಮೂರು ವರ್ಷಕ್ಕೆ ಕೈಗೆ ಬಂದದ್ದು ಅಷ್ಟೇ. ಪದವಿ ಸಿಕ್ಕರೆ ಅದರಿಂದಲೇ ಸಿಗಬೇಕು. ಅದಿನ್ನೂ ಎಲ್ಲೂ ಅಚ್ಚಾಗಿರಲಿಲ್ಲ.

ಅಚ್ಚಾಗುವ ಮೊದಲೇ ಯಾರಾದರೂ ಹಾರಿಸಿಕೊಂಡು ಹೋದರೆ? ಯಾರಾದರೂ ಎಂದರೆ ಯಾರು ಎಂಬುದೂ ಅವನಿಗೆ ಹೊಳೆದಿತ್ತು.

"ಸರ್, ಫಕೀರೇಶ ನನ್ನ ಕೆಲಸದ ಬಗ್ಗೆ ತುಂಬ ಕೇಳ್ತಾನೆ."

"ಕೇಳಲಿ," ಎಂದರು ಮೇಷ್ಟ್ರು.

"ಕೇಳಿದ್ದನ್ನೆಲ್ಲ ಬರ್ಕೋತಾನೆ."

"ನಾನು ಹೇಳಿದ್ದನ್ನ ನೀನು ಬರ್ಕೊಳಲ್ವಾ?"

"ಹೊಸಬರ ಸ್ವಾಗತಕೂಟದ ದಿನ ಪುಣೆಯಿಂದ ಬಂದಿದ್ದ ಅತಿಥಿ ಜೊತೆ ಮೂಲೇಲಿ ನಿಂತು ಮಾತಾಡ್ತಿದ್ದ. ಇಬ್ಬರೂ ತಿರುಗಿ ನನ್ನನ್ನೇ ನೋಡಿದ್ರು."

"ನೀನೇನು ಮಾಡ್ತಿದ್ದೆ?"

"ಅವರನ್ನ ನೋಡ್ತಿದ್ದೆ."

ಮೇಷ್ಟ್ರು ಕೈಯಲ್ಲಿದ್ದ ನಿಪ್ಪಟ್ಟನ್ನು ಮುರಿದು ಅರ್ಧ ಅವನಿಗೆ ಕೊಟ್ಟರು.

ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಗುರುವಾರ ನಾಲ್ಕಕ್ಕೆ ಉಪನ್ಯಾಸ, ಅದಕ್ಕೆ ಮೊದಲು ಅರ್ಧ ಗಂಟೆ ಟೀ. ಟೀ ಕೋಣೆಯ ಕರಿಹಲಗೆಯ ಮೇಲೆ ಸರದಿ ಬಂದ ವಿದ್ಯಾರ್ಥಿ ತಾನು ಸಾಧಿಸಿದ್ದನ್ನು ಬರೆಯಬೇಕು. ಹೇಳಿಕೆ ಮಾತ್ರ, ಅದು ನಿಜವೆಂದು ತೋರಿಸುವ ಸಾಧನೆ ಬೇಡ.

ಆ ಗುರುವಾರ ಧರಣೇಂದ್ರನ ಸರದಿ. ಅವನು ಪ್ರಮೇಯ ಬರೆದ. ಷರತ್ತನ್ನು ಬರೆಯಲಿಲ್ಲ.

ಅವನ ಲೆಕ್ಕ ಸರಳವಾಗಿತ್ತು. ಷರತ್ತು ಬಿಟ್ಟರೆ ಪ್ರಮೇಯ ಸುಳ್ಳು. ಕಳ್ಳ ಸುಳ್ಳನ್ನೇ ಹೊತ್ತುಕೊಂಡು ಹೋಗುತ್ತಾನೆ. ಎಲ್ಲಾದರೂ ಅದನ್ನು ತನ್ನದೆಂದು ಹೇಳಿದ ದಿನ ಸಿಕ್ಕಿಬೀಳುತ್ತಾನೆ.

ಫಕೀರೇಶ ಲೋಟ ಹಿಡಿದು ಹಲಗೆಯ ಮುಂದೆ ನಿಂತ.

"ಲೇ ಧರಣೇಂದ್ರ, ಮೊದಲೆಲ್ಲ ತ್ರಿಕೋನ ಇರಬಾರದು ಅಂತಿದ್ದಿ. ಈಗ ಇದ್ದರೂ ನಡೀತೈತೇನು?"

"ನಡೆಯುತ್ತೆ."

"ಹೆಂಗ?"

"ಆಮೇಲೆ ಹೇಳ್ತೀನಿ."

ಫಕೀರೇಶ ಬರೆದುಕೊಂಡ. ಧರಣೇಂದ್ರ ಅದನ್ನು ಓರೆಗಣ್ಣಿನಲ್ಲಿ ನೋಡಿ ಗಡಿಯಾರ ನೋಡಿದ. ಮೂರು ನಲವತ್ತೆರಡು.

ಶುಕ್ರವಾರ ಫಕೀರೇಶ ಮಾಮೂಲಿ ಟೀಗೂ ಬರಲಿಲ್ಲ. ಶನಿವಾರ ಧರಣೇಂದ್ರ ಅವನ ಕೋಣೆಯ ಬಾಗಿಲು ತಳ್ಳಿದಾಗ ಬರೆಯುತ್ತಿದ್ದ ಕಾಗದದ ಮೇಲೆ ಪುಸ್ತಕ ಇಟ್ಟು ಮುಚ್ಚಿದ. ಸೋಮವಾರ ಗುಮಾಸ್ತರ ಬೀಳ್ಕೊಡುಗೆ. ಇಡೀ ವಿಭಾಗ ಪಂಕ್ತಿಯಲ್ಲಿ ಕೂತು ಉಂಡಿತು, ಫಕೀರೇಶನ ಎಲೆ ಖಾಲಿ.

ಧರಣೇಂದ್ರ ಒಂದೊಂದನ್ನೂ ತಾರೀಖಿನ ಸಮೇತ ಮನಸ್ಸಿನಲ್ಲಿಟ್ಟುಕೊಂಡ.

ಬುಧವಾರ ಬೆಳಿಗ್ಗೆ ಫಕೀರೇಶ ತಾನಾಗಿ ಬಂದ. ಗಡ್ಡ ಬೆಳೆದಿತ್ತು. ಕೈಯಲ್ಲಿ ಒಂಬತ್ತು ಹಾಳೆ.

"ಆಮೇಲೆ ಹೇಳತೇನಿ ಅಂದಿ, ಹೇಳಲಿಲ್ಲ. ನನಗ ತಡಕೊಳ್ಳಾಕ ಆಗಲಿಲ್ಲಪಾ. ನಾನಽ ಸಾಧಿಸಿದೆ. ಎರಡು ಸಲ ನಡುವ ಮುಗ್ಗರಿಸಿದೆ. ಪೂರ್ತಿ ಆಗೂತನಕ ತೋರಸಬಾರದು ಅಂತ ಮುಚ್ಚಿಟ್ಟಿದ್ದೆ. ನಿಂದೂ ಹಿಂಗಽ ಐತೇನು ನೋಡು."

ಧರಣೇಂದ್ರ ತಪ್ಪು ಹುಡುಕುತ್ತ ಓದಿದ. ಸುಳ್ಳಿಗೆ ಸಾಧನೆ ಎಂದರೆ ಎಲ್ಲೋ ತಪ್ಪಿರಲೇಬೇಕು. ಒಂದೊಂದು ತ್ರಿಕೋನವನ್ನೂ ಫಕೀರೇಶ ಕುಗ್ಗಿಸಿ ಒಂದು ಚುಕ್ಕೆ ಮಾಡಿದ್ದ. ತ್ರಿಕೋನಗಳು ಮುಗಿದಮೇಲೆ ಉಳಿದ ಜಾಲಕ್ಕೆ ಧರಣೇಂದ್ರನ ಹಳೆಯ ಪ್ರಮೇಯ ಬಳಸಿದ್ದ. ಆಮೇಲೆ ತ್ರಿಕೋನಗಳನ್ನು ಒಂದೊಂದಾಗಿ ಬಿಡಿಸಿ ಬಣ್ಣ ತುಂಬಿದ್ದ.

ಮೂರು ಸಲ ಓದಿದ. ತಪ್ಪಿರಲಿಲ್ಲ.

"ಹಿಂಗಽ ಹೌದಿಲ್ಲೋ?" ಎಂದ ಫಕೀರೇಶ.

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಷರತ್ತಿಲ್ಲದ ಪ್ರಮೇಯ, ಅವನು ಕನಸಿನಲ್ಲೂ ಕೇಳದ್ದು, ಅವನದೇ ಆಗುತ್ತಿತ್ತು.

"ಇಟ್ಟು ಹೋಗು. ಇನ್ನೊಂದು ಸಲ ನೋಡ್ತೀನಿ," ಎಂದ.

ಹಾಳೆಗಳನ್ನು ಹಿಡಿದು ಮೇಷ್ಟ್ರ ಕೋಣೆಗೆ ಹೋದ. ಮೇಷ್ಟ್ರು ಕೊನೆಯ ಹಾಳೆಯವರೆಗೂ ನಿಧಾನವಾಗಿ ಓದಿದರು.

"ಸರಿಯಾಗಿದೆ."

"ಸರ್, ನಾನು ಹಲಗೆ ಮೇಲೆ ಬರೆದದ್ದು ಸುಳ್ಳು. ಬೇಕೂಂತಲೇ ಬರೆದೆ."

"ಸುಳ್ಳು ಅಂತ ಯಾರು ತೋರಿಸಿದ್ರು?"

"ತ್ರಿಕೋನ ಬಂದ ಕಡೆ ನನ್ನ ಸಾಧನೆ ನಿಂತುಹೋಗುತ್ತೆ ಸರ್."

"ನಿನ್ನ ಸಾಧನೆ ನಿಲ್ತು. ಪ್ರಮೇಯ ಬಿದ್ದದ್ದನ್ನ ನೋಡಿದ್ಯಾ?"

ಧರಣೇಂದ್ರ ಮೂರು ವರ್ಷದಲ್ಲಿ ಒಂದು ದಿನವೂ ಅತ್ತ ನೋಡಿರಲಿಲ್ಲ.

"ಅವನನ್ನ ಹಿಡಿಯೋಕೆ ಬರೆದದ್ದು ಸರ್."

"ಹಿಡಿದ್ಯಾ?"

ಮೇಷ್ಟ್ರು ಹಾಳೆಗಳನ್ನು ಜೋಡಿಸಿ ಅವನ ಕಡೆ ಸರಿಸಿದರು.

"ಫಕೀರೇಶ ಇದನ್ನ ಯಾರದ್ದು ಅಂತಾನೆ?"

"ಧರಣೇಂದ್ರನದು ಅಂತಾನೆ ಸರ್."

"ಹಾಗಾದ್ರೆ ನಿನಗೇನು ಕಷ್ಟ?" ಮೇಷ್ಟ್ರು ಒಂದು ಖಾಲಿ ನೋಟೀಸು ಹಾಳೆ ಮುಂದೆ ತಳ್ಳಿದರು. "ನಾಳೆ ಬರಬೇಕಾದವರು ಬರ್ತಿಲ್ಲ. ಇದರ ಮೇಲೇ ಉಪನ್ಯಾಸ ಆಗಲಿ. ಯಾರು ಮಾತಾಡ್ತಾರೆ ಅಂತ ನೀನೇ ಬರೆದು ಅಂಟಿಸು. ನನಗೆ ಹೇಳಬೇಡ."

ಧರಣೇಂದ್ರ ಹೊರಗೆ ಬಂದು ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡ. ಫಕೀರೇಶನ ಹೆಸರು ಬರೆದರೆ ತನ್ನ ಮೂರು ವರ್ಷ ಅವನ ಪ್ರಮೇಯದೊಳಗಿನ ಒಂದು ಮೆಟ್ಟಿಲು. ತನ್ನ ಹೆಸರು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಫಕೀರೇಶನಿಗೂ.

'ಧ' ಎಂದು ಬರೆದ. ಬಹಳ ಹೊತ್ತು ಅದನ್ನೇ ನೋಡಿದ. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಫಕೀರೇಶ ಎಂದು ಬರೆದು ಅಂಟಿಸಿದ.

ಮಧ್ಯಾಹ್ನ ಫಕೀರೇಶ ಟೀ ಕೋಣೆಗೆ ನುಗ್ಗಿದ.

"ತಲಿ ಕೆಟ್ಟೈತೇನಲೇ? ನನ್ನ ಹೆಸರ ಯಾಕ ಬರದಿ? ಪ್ರಮೇಯ ನಿಂದು."

"ನಂದಲ್ಲ. ಅದು ಸುಳ್ಳು ಅಂದ್ಕೊಂಡೇ ಬರೆದಿದ್ದೆ."

"ಸುಳ್ಳು ಯಾಕ ಬರೀತಿ?"

"ನೀನು ಕದೀತೀಯ ಅಂತ."

ಫಕೀರೇಶ ಆಗಷ್ಟೇ ಎತ್ತಿಕೊಂಡಿದ್ದ ಟೀ ಲೋಟವನ್ನು ಮೇಜಿನ ಮೇಲಿಟ್ಟ. ಆಮೇಲೆ ಅಂದ:

"ಆರು ದಿವಸ ಕುಂತೇನಿ ಅದಕ್ಕ. ಬೀಳ್ಕೊಡುಗಿ ಊಟಾ ಸೈತ ಬಿಟ್ಟೆ. ಹೋಳಿಗಿ ಮಾಡಿಸಿದ್ದರಂತ."

ಧರಣೇಂದ್ರನಿಗೆ ಅವನ ಮುಖ ನೋಡಲಾಗಲಿಲ್ಲ.

"ನಾಳಿಗೆ ಬಾ. ಮುಂದಿನ ಬೆಂಚಿನ್ಯಾಗ ಕುಂದ್ರು. ನನ್ನ ಮ್ಯಾಲೆ ಪಟ್ಟಷ್ಟು ಅನುಮಾನ ಆ ಒಂಬತ್ತು ಹಾಳಿ ಮ್ಯಾಲೂ ಪಡು. ಏನರ ತಪ್ಪು ಉಳದಿದ್ದರ ಹೇಳು."

ಟೀ ಮುಗಿಸದೆ ಹೋದ.

ಗುರುವಾರ ಧರಣೇಂದ್ರ ಮುಂದಿನ ಬೆಂಚಿನಲ್ಲಿ ಕೂತ. ಫಕೀರೇಶ ಹಲಗೆಯ ಮೇಲೆ ಮೊದಲು ತ್ರಿಕೋನವಿಲ್ಲದ ಜಾಲದ ಪ್ರಮೇಯ ಬರೆದು ಅದರ ಕೆಳಗೆ ಧರಣೇಂದ್ರನ ಹೆಸರು ಬರೆದ. "ಇದು ಇರಲಿಲ್ಲಂದ್ರ ನನ್ನದು ನಿಲ್ಲಾಂಗಿಲ್ಲ," ಎಂದು ಸಭೆಗೆ ಹೇಳಿ ಮುಂದುವರಿದ. ಧರಣೇಂದ್ರ ಮೂರು ಪ್ರಶ್ನೆ ಕೇಳಿದ. ಮೂರಕ್ಕೂ ಉತ್ತರ ಬಂತು. ಮುಗಿದಮೇಲೆ ಫಕೀರೇಶ ಅವನತ್ತ ತಿರುಗದೆ ಉಳಿದವರ ಜೊತೆ ಹೊರಟುಹೋದ.

ಮೇಷ್ಟ್ರು, ಧರಣೇಂದ್ರ ಇಬ್ಬರೇ ಉಳಿದರು.

"ಸರ್, ಸಾಧನೆ ಪೂರ್ತಿ ಅರ್ಥವಾಯ್ತು. ಒಂದು ಮಾತ್ರ ಆಗಲಿಲ್ಲ."

"ಏನು?"

"ಎರಡು ಸಲ ಮುಗ್ಗರಿಸಿದೆ ಅಂದ. ನಾನು ಒಂದು ಸಲ ಮುಗ್ಗರಿಸಿದ್ದಕ್ಕೇ ಅದು ಸುಳ್ಳು ಅಂತ ಬಿಟ್ಟುಬಿಟ್ಟೆ. ಅವನು ಬಿಡಲಿಲ್ಲ. ಅದು ನಿಜ ಅಂತ ಅವನಿಗೆ ಅಷ್ಟು ಖಾತ್ರಿ ಎಲ್ಲಿಂದ ಬಂತು?"

ಮೇಷ್ಟ್ರು ಕೊಡೆ ತೆಗೆದುಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನೋಡಿದರು.

"ನೀನು ಹೇಳಿದ್ಯಲ್ಲಪ್ಪ."